ಹೆಬ್ಬೆರಳಿಗೆ ರಜೆ

ಶಹಾಪುರದ ಬಸ್ ನಿಲ್ದಾಣದ ಎದುರು ಪರಿಮಳಾಳ ಮೊಬೈಲ್ ಅಂಗಡಿ ಎಂದರೆ ಎರಡು ಕುರ್ಚಿ, ಒಂದು ಗಾಜಿನ ಮೇಜು, ಒಂದು ಸ್ಟೂಲು. ಅಷ್ಟೇ. ಆದರೂ ಸುತ್ತಲಿನ ಹಳ್ಳಿಗಳ ಹೆಂಗಸರು ಗಂಡಸರ ನಾಲ್ಕು ಅಂಗಡಿ ದಾಟಿ ಇಲ್ಲಿಗೇ ಬರುತ್ತಾರೆ. ಫೋನಿನಲ್ಲಿ ಫೋಟೊ ಇರುತ್ತವೆ, ಮಾತು ಇರುತ್ತವೆ, ಮನೆಯವರಿಗೂ ತೋರಿಸದ ಹತ್ತಾರು ಸಂಗತಿ ಇರುತ್ತವೆ. ಅದನ್ನು ಗೊತ್ತಿಲ್ಲದ ಗಂಡಸಿನ ಕೈಗೆ ಕೊಟ್ಟು, ಸಂಜೆಗೆ ಬಾ ಅನ್ನಿಸಿಕೊಂಡು ಹೋಗುವುದೆಂದರೆ ಸುಮ್ಮನೆಯೇ?

ಈ ಪರಿಮಳಾಳಿಗೆ ಒಂದು ಖಯಾಲಿ. ಸಿಮ್ ಹಾಕಿ, ಫೋನು ಬಂದ್ ಮಾಡಿ ಮತ್ತೆ ಚಾಲೂ ಮಾಡಿ, ನೆಟ್‌ವರ್ಕಿನ ಗೆರೆ ಮೂಡುವವರೆಗೆ ಕಣ್ಣು ಮುಚ್ಚಿ ಕೂರುತ್ತಾಳೆ. ಆ ಅರೆ ನಿಮಿಷದಲ್ಲಿ ಅವಳ ಮನಸ್ಸು ನಂಬರಿನ ಬೆನ್ನು ಹತ್ತಿ ಹೊರಡುತ್ತದೆ. ಗುಡ್ಡ ಏರಿ, ಹತ್ತಿಯ ಹೊಲ ಹಾಯ್ದು, ಭೀಮಾ ನದಿ ದಾಟಿ, ಯಾವುದೋ ಊರಿನ ಯಾವುದೋ ಅಡುಗೆಮನೆಯನ್ನು ಮುಟ್ಟುತ್ತದೆ. ಅಲ್ಲಿ ಒಲೆಯ ಮೇಲೆ ಏನಿದೆ ಎಂಬುದೂ ಅವಳಿಗೆ ಕಾಣುತ್ತದೆ. "ನಿದ್ದಿ ಮಾಡ್ತಿಯೋ, ರಿಪೇರಿ ಮಾಡ್ತಿಯೋ?" ಎಂದು ಪಕ್ಕದ ಟೇಲರ್ ಹಾಶಿಮ ಕೆಣಕುತ್ತಾನೆ. "ಎರಡೂ," ಎನ್ನುತ್ತಾಳೆ ಅವಳು, ಕಣ್ಣು ತೆರೆಯದೆ.

ಆಷಾಢದ ಒಂದು ಮಧ್ಯಾಹ್ನ ದೋರನಹಳ್ಳಿಯ ಮರಿಲಿಂಗಮ್ಮ ಬಂದಳು. ಅರವತ್ತರ ಆಸುಪಾಸಿನ ಕೂಲಿ ಹೆಂಗಸು. ಸೆರಗಿನ ಗಂಟು ಬಿಚ್ಚಿ ಒಂದು ಸಿಮ್ ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ಗಾಜು ಒಡೆದ ಸ್ಮಾರ್ಟ್‌ಫೋನು. ಸಿಮ್ಮಿನ ಮೇಲಿನ ಬಂಗಾರದ ಬಣ್ಣವೆಲ್ಲ ಹೋಗಿ ಬೋಳಾಗಿತ್ತು.

"ಏನ್ ಮಾಡೀರಿ ದೊಡ್ಡವ್ವ ಇದಕ್ಕ?"

"ರೇಂಜ್ ಬರವಲ್ದು ಅಂತ ತಗದು ನೋಡಿದೆ. ಹಿತ್ತಾಳಿ ಕಪ್ಪಾಗಿತ್ತು. ಹುಣಸಿಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿದೆ."

ಹಾಶಿಮನ ಹೊಲಿಗೆ ಯಂತ್ರ ನಿಂತಿತು. ಅವನ ನಗು ನಿಲ್ಲಲಿಲ್ಲ. ಪರಿಮಳಾಳೂ ನಗು ತಡೆದು, "ಇದು ಸತ್ತದ. ಹೊಸಾ ಸಿಮ್ ಕೊಡ್ತೀನಿ, ಹೊಸಾ ನಂಬರ್ ತಗೋರಿ," ಎಂದಳು.

"ನಂಬರ್ ಬದಲಾದ್ರ ನನ್ನ ಮಗಳಿಗೆ ಹ್ಯಾಂಗ ಗೊತ್ತಾಗಬೇಕವ್ವ?" ಎಂದಳು ಮರಿಲಿಂಗಮ್ಮ. ಪರಿಮಳಾ ಸ್ಟೂಲನ್ನು ಅವಳತ್ತ ಸರಿಸಿದಳು.

ಮಗಳ ಹೆಸರು ರೇವತಿ. ನಾಲ್ಕು ವರ್ಷದ ಹಿಂದೆ ತಾನು ಮೆಚ್ಚಿದವನ ಕೈ ಹಿಡಿದು ಸೊಲ್ಲಾಪುರದ ಕಡೆ ಹೋದವಳು. ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಅಣ್ಣ ದೇವಿಂದ್ರ ಊರೆಲ್ಲ ಕೇಳುವ ಹಾಗೆ ಕೂಗಿದ್ದ. ಅಂದಿನಿಂದ ರೇವತಿ ವರ್ಷಕ್ಕೊಂದೇ ಸಲ, ನಾಗರ ಪಂಚಮಿಯ ದಿನ, ಯಾರದೋ ಫೋನಿನಿಂದ ಅವ್ವನಿಗೆ ಮಾತಾಡುತ್ತಾಳೆ. ತನ್ನ ನಂಬರು ಕೊಟ್ಟರೆ ಅಣ್ಣನ ಕೈಗೆ ಸಿಗುತ್ತದೆಂದು ಅವಳ ಹೆದರಿಕೆ. ಅವಳಿಗೆ ಬಾಯಿಪಾಠ ಇರುವುದು ಅವ್ವನ ಈ ನಂಬರೊಂದೇ. ಪಂಚಮಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಅಂದು ಈ ಫೋನು ಹತ್ತದಿದ್ದರೆ, ಅವ್ವನೂ ಬಾಗಿಲು ಹಾಕಿಕೊಂಡಳು ಎಂದೇ ಮಗಳು ತಿಳಿಯುತ್ತಾಳೆ.

ಅದೇ ನಂಬರಿಗೆ ಬೇರೆ ಸಿಮ್ ತೆಗೆಯಲು ಯಾರ ಹೆಸರಲ್ಲಿದೆಯೋ ಅವರ ಬೆರಳಚ್ಚು ಬೇಕು. ನಂಬರು ಮರಿಲಿಂಗಮ್ಮನ ಹೆಸರಲ್ಲೇ ಇತ್ತು, ಪುಣ್ಯಕ್ಕೆ. ಪರಿಮಳಾ ಬೆರಳಿನ ಯಂತ್ರ ಮುಂದಿಟ್ಟಳು. ಬಲಗೈ ಹೆಬ್ಬೆರಳು ಇಟ್ಟರೆ ಕೆಂಪು ದೀಪ. ಎಡಗೈಗೂ ಕೆಂಪು ದೀಪ. ಒರೆಸಿ, ತೊಳೆದು, ಹತ್ತೂ ಬೆರಳು ಇಟ್ಟದ್ದಾಯಿತು. ಯಂತ್ರ ಈ ಮುದುಕಿ ಯಾರೋ ತನಗೆ ಗೊತ್ತೇ ಇಲ್ಲ ಎಂದು ಹಟ ಹಿಡಿಯಿತು. ಕಣ್ಣು ನೋಡಿ ಗುರುತು ಹಿಡಿಯುವ ಯಂತ್ರವೂ ಹಿಂದೊಮ್ಮೆ ರೇಷನ್ ಅಂಗಡಿಯಲ್ಲಿ ಹಾಗೆಯೇ ಅಂದಿತ್ತಂತೆ, ಕಣ್ಣಿಗೆ ಪೊರೆ ಬಂದಿದೆಯಲ್ಲ.

ಪರಿಮಳಾ ಆ ಹೆಬ್ಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಕಳೆ ಕೀಳುವುದು, ಹತ್ತಿ ಬಿಡಿಸುವುದು, ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು, ಐವತ್ತು ವರ್ಷ ಎಲ್ಲವೂ ಸೇರಿ ಬೆರಳನ್ನು ನುಣ್ಣಗೆ ಮಾಡಿದ್ದವು. ಪರಿಮಳಾಳ ಅವ್ವ ದೇವಕಮ್ಮನ ಬೆರಳೂ ಹೀಗೇ ಇತ್ತು. ರೇಷನ್ ಅಂಗಡಿಯ ಯಂತ್ರ ಅವ್ವನನ್ನು ತಿಂಗಳುಗಟ್ಟಲೆ ವಾಪಸು ಕಳಿಸುತ್ತಿತ್ತು. ಒಮ್ಮೆ ಕಾಲು ಮುರಿದು ಅವ್ವ ಒಂದು ತಿಂಗಳು ಹಾಸಿಗೆ ಹಿಡಿದಳು. ಎದ್ದು ಕುಂಟುತ್ತ ಹೋಗಿ ಬೆರಳಿಟ್ಟರೆ, ಯಂತ್ರ ಒಂದೇ ಸಲಕ್ಕೆ ಗುರುತು ಹಿಡಿದಿತ್ತು.

"ದೊಡ್ಡವ್ವ, ಹದಿನೈದು ದಿನ ಕೈಲೆ ಏನೂ ಮಾಡಬ್ಯಾಡ್ರಿ. ಗೆರಿ ತಿರುಗಿ ಬರ್ತಾವ."

"ಏನೂ ಅಂದ್ರ?"

"ಏನೂ ಅಂದ್ರ ಏನೂ. ಕಳಿ ಇಲ್ಲ, ಮುಸುರಿ ಇಲ್ಲ, ರೊಟ್ಟಿ ಇಲ್ಲ. ಸುಮ್ಮನ ಕುಂದ್ರೂದು."

ಮರಿಲಿಂಗಮ್ಮ ನಂಬದವಳಂತೆ ಅವಳ ಮುಖ ನೋಡಿದಳು. ಗುಡ್ಡ ಹತ್ತು, ಹೊಳೆ ಹಾರು ಎಂದಿದ್ದರೆ ಹೂಂ ಅನ್ನುತ್ತಿದ್ದಳೋ ಏನೋ. "ಅದು ನನಗ ಬರಂಗಿಲ್ಲವ್ವ," ಎಂದಳು.

ಮನೆಯಲ್ಲಿದ್ದರೆ ಕೈ ಸುಮ್ಮನಿರದು. ಅದಕ್ಕೇ ಪರಿಮಳಾ ಎರಡೂ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ದಿನಾ ಅಂಗಡಿಗೆ ಬರಲು ಹೇಳಿದಳು. ಕೈಗೆ ನಂಜಾಗಿದೆ, ದಿನಾ ಪಟ್ಟಿ ಕಟ್ಟಿಸಿಕೊಳ್ಳಬೇಕು ಎಂದು ಮಗನಿಗೆ ಹೇಳಿದ್ದಾಯಿತು. ಸೊಸೆ ಗೊಣಗುತ್ತ ರೊಟ್ಟಿ ಬಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ. ಮುಂಜಾನೆ ಹತ್ತಕ್ಕೆ ಮರಿಲಿಂಗಮ್ಮ ಸ್ಟೂಲಿನ ಮೇಲೆ ಹಾಜರು.

ಮೊದಲ ಮೂರು ದಿನ ಅವಳನ್ನು ಕಾಯುವುದೇ ಒಂದು ಕೆಲಸವಾಯಿತು. ತಿರುಗಿ ನೋಡುವಷ್ಟರಲ್ಲಿ ಕಸಬರಿಗೆ ಕೈಯಲ್ಲಿ, ಇನ್ನೊಮ್ಮೆ ನೋಡಿದರೆ ತೊಳೆಯಲೆತ್ತಿದ ಚಹಾದ ಕಪ್ಪು. "ಇಡ್ರಿ ಕೆಳಗ!" ಎಂದು ಪರಿಮಳಾ ಗದರಬೇಕು. ಎದುರಿಗೆ, ಕೆರೆಯಾಚೆ, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ.

"ಅಂವನ್ನ ನೋಡಿ ಕಲೀರಿ ದೊಡ್ಡವ್ವ. ಎಷ್ಟು ವರ್ಷದಿಂದ ಸುಮ್ಮನ ಮಲಗ್ಯಾನ."

"ಅಂವಗೇನವ್ವ, ಅಂವ ರೊಟ್ಟಿ ಬಡಿಬೇಕಾ, ದನಕ್ಕ ನೀರು ಕುಡಸಬೇಕಾ!"

ನಾಲ್ಕನೆಯ ದಿನ ಕೈಗಳು ಮಡಿಲಲ್ಲಿ ಬಿದ್ದುಕೊಂಡವು. ಆಮೇಲೆ ಮರಿಲಿಂಗಮ್ಮ ಬೇರೆಯೇ ಒಬ್ಬಳಾದಳು. ಕಣ್ಣು ತೆರೆದೇ ಎಲ್ಲಿಗೋ ಹೋಗಿಬಿಡುತ್ತಿದ್ದಳು. ತುಂತುರು ಮಳೆ ಬಂದು ನಿಲ್ಲುತ್ತಿತ್ತು, ಬಸ್ಸುಗಳು ಬಂದು ಹೋಗುತ್ತಿದ್ದವು, ಗುಡ್ಡದ ಮೇಲಿನ ಮೋಡ ಬುದ್ಧನ ಹಣೆಯಿಂದ ಪಾದದವರೆಗೆ ನಿಧಾನ ಸರಿಯುತ್ತಿತ್ತು. ನಡುವೆ ಒಮ್ಮೊಮ್ಮೆ ಮಾತು ಬರುತ್ತಿತ್ತು. ಸಣ್ಣವಳಿದ್ದಾಗ ಹಳ್ಳದ ಮರಳಿನಲ್ಲಿ ಇಡೀ ದಿನ ಮನೆ ಕಟ್ಟಿದ್ದು. ರೇವತಿ ಹುಟ್ಟಿದಾಗ ಅದರ ಬೆರಳು ಎಷ್ಟು ಸಣ್ಣಗಿದ್ದವೆಂದರೆ ಮುಟ್ಟಲು ತನ್ನ ಕೈಗೇ ನಾಚಿಕೆಯಾದದ್ದು. ಪರಿಮಳಾಳೂ ಕೈಯಲ್ಲಿನ ಚಿಮಟ ಹಾಗೇ ಹಿಡಿದು ಕೇಳುತ್ತಿದ್ದಳು. ತನ್ನ ಅವ್ವ ಹೀಗೆ ಕೂತದ್ದನ್ನು ಅವಳು ನೋಡಿದ್ದು ಕಾಲು ಮುರಿದಾಗಷ್ಟೇ. ಆಗ ಪಕ್ಕದಲ್ಲಿ ಕೂತು ಕೇಳಲು ತನಗೇ ಪುರಸೊತ್ತಿರಲಿಲ್ಲ ಎಂಬುದು ಈಗ ನೋಯುತ್ತಿತ್ತು.

ಹದಿನಾರನೆಯ ದಿನ ಬಟ್ಟೆ ಬಿಚ್ಚಿದರು. ಹೆಬ್ಬೆರಳಿನ ತುದಿಯಲ್ಲಿ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡಿದ್ದವು. "ಇವು ನನ್ನವೇ ಏನವ್ವ?" ಎಂದಳು ಮರಿಲಿಂಗಮ್ಮ. ಮೊದಲ ಸಲ ಕೆಂಪು. ಎರಡನೆಯ ಸಲವೂ ಕೆಂಪು. ಮೂರನೆಯ ಸಲ ಒತ್ತಿ ಹಿಡಿದಾಗ ಹಸಿರು ದೀಪ ಹತ್ತಿತು. ಹಾಶಿಮ ಹೊಲಿಯುವುದು ಬಿಟ್ಟು ಎದ್ದು ಬಂದಿದ್ದ. ಸಂಜೆ ಹೊಸ ಸಿಮ್ ಹಾಕಿ ಪರಿಮಳಾ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಫೋನಿನ ಮೇಲೆ ನಾಲ್ಕೂ ಗೆರೆ ಮೂಡಿದ್ದವು.

ಪಂಚಮಿಯ ದಿನ ಪೇಟೆ ಬಂದ್. ಈ ಸಲ ದೇವಿಂದ್ರ ಇಡೀ ದಿನ ಮನೆಯಲ್ಲೇ ಇದ್ದ, ಅವನೆದುರು ಮಾತಾಡಲು ಆಗದೆಂದು ಮರಿಲಿಂಗಮ್ಮ ಅಂಗಡಿಗೇ ಬಂದಳು. ಅವಳಿಗಾಗಿ ಪರಿಮಳಾ ಅರ್ಧ ಶಟರ್ ಎತ್ತಿ ಕೂತಿದ್ದಳು. ಉಂಡೆ ತಿಂದದ್ದಾಯಿತು. ಹನ್ನೆರಡಾಯಿತು, ಒಂದಾಯಿತು. ಎರಡೂವರೆಗೆ ಫೋನು ರಿಂಗಾಯಿತು. ಪರಿಮಳಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಅವ್ವಾ..."

"ಹೂಂ ಮಗಾ."

"ಆರಾಮಿದ್ದೀಯಾ? ಏನ್ ಮಾಡಾಕತ್ತೀದಿ?"

ಪ್ರತಿ ಪಂಚಮಿಗೂ ಅವಳು ಕೇಳುವುದು ಇದನ್ನೇ. ಅವ್ವ ಒಂದು ವರ್ಷ ರೊಟ್ಟಿ ಬಡಿಯುತ್ತಿದ್ದಳು, ಒಂದು ವರ್ಷ ಎಮ್ಮೆ ಹಿಂಡುತ್ತಿದ್ದಳು, ಒಂದು ವರ್ಷ ಅರಿವೆ ಒಗೆಯುತ್ತಿದ್ದಳು. ಎರಡು ಮಾತಾಡಿ, ಕೆಲಸ ಅದ ಎಂದು ಇಡುತ್ತಿದ್ದಳು. ಈ ಸಲ ಮರಿಲಿಂಗಮ್ಮ ಮಡಿಲಿನ ಕೈ ನೋಡಿಕೊಂಡು ಇದ್ದದ್ದನ್ನೇ ಹೇಳಿದಳು.

"ಏನೂ ಇಲ್ಲವ್ವ. ಸುಮ್ಮನ ಕುಂತೀನಿ."

ಆಚೆ ಸದ್ದಿಲ್ಲ. ಲೈನು ಹೋಯಿತೇನೋ ಎಂದು ಪರಿಮಳಾ ಬಾಗಿ ಫೋನು ನೋಡಿದಳು. ಗೆರೆಗಳು ನಾಲ್ಕೂ ಇದ್ದವು.

"ಸುಮ್ಮನ ಕುಂತೀದಿ?" ರೇವತಿಯ ದನಿ ಒಡೆದಿತ್ತು. "ನೀ ಸುಮ್ಮನ ಕುಂತೀದಿ? ಅವ್ವಾ, ಏನಾಗ್ಯಾದ ನಿನಗ? ಖರೇ ಹೇಳು. ಹಾಸಿಗಿ ಹಿಡದೀಯೇನ? ನಾ ಬರ್ತೀನಿ. ಅಣ್ಣ ಕಾಲು ಮುರದ್ರ ಮುರೀಲಿ, ನಾಳಿಗೇ ಬರ್ತೀನಿ."

ಮರಿಲಿಂಗಮ್ಮ ಬಾಯಿ ತೆರೆದಳು. ತನಗೇನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅವಳು ಪರಿಮಳಾಳ ಮುಖ ನೋಡಿದಳು. ಪರಿಮಳಾ ಮೆಲ್ಲಗೆ ತಲೆ ಅಲ್ಲಾಡಿಸಿ, ಅದನ್ನು ಹೇಳುವುದು ಬೇಡವೆಂದು ಸನ್ನೆ ಮಾಡಿದಳು.

"ಬಾ," ಎಂದಳು ಮರಿಲಿಂಗಮ್ಮ.