ಭಾನುವಾರ ಬೆಳಗಿನ ತಮಿಳು ಸಿನಿಮಾ

ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಶಿಕ್ಷಕಿಯ ನೌಕರಿ ಸಿಕ್ಕಿತು. ರಾಯಚೂರಿನ ಮನೆಯಲ್ಲಿ ಅಪ್ಪ ಲಕ್ವಾ ಹೊಡೆದು ಮಲಗಿದ್ದರು. ಅವ್ವ ಅವರ ಮಗ್ಗುಲು ಬಿಟ್ಟು ಏಳುವಂತಿರಲಿಲ್ಲ. ತಂಗಿಯರಿಬ್ಬರು ಇನ್ನೂ ಓದುತ್ತಿದ್ದರು. ಮನೆ ನಡೆಯುತ್ತಿದ್ದುದು ನನ್ನ ಪಗಾರದಿಂದ.

ಮಾನ್ವಿಯಲ್ಲಿ ನಾನು ಬಾಡಿಗೆಗಿದ್ದದ್ದು ಒಬ್ಬ ಮುಸಲ್ಮಾನ ಮುದುಕಿಯ ಮನೆಯಲ್ಲಿ. ಓಣಿಯವರೆಲ್ಲ ಆಕೆಯನ್ನು ಖಾಲಾ ಎಂದು ಕರೆಯುತ್ತಿದ್ದರು. ಅಂಗಳದ ಆಚೆಯ ಕೋಣೆಯಲ್ಲಿ ಸರಕಾರಿ ದವಾಖಾನೆಯ ನರ್ಸ್ ಒಬ್ಬರಿದ್ದರು. ತಮಿಳರು, ಐವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಬಹಳ ವರ್ಷ ಇಲ್ಲೇ ಇದ್ದು ನಮ್ಮ ಮಾತನ್ನು ನಮ್ಮಂತೆಯೇ ಆಡುತ್ತಿದ್ದರು. ನಾನು ಅವರಿಗೆ ಅಕ್ಕಾ ಅನ್ನುತ್ತಿದ್ದೆ. ಶಾಲೆ ಬಿಟ್ಟು ಬಂದ ಮೇಲೆ ನನ್ನ ಜೊತೆ ಮಾತಾಡುವವರು ಅವರೊಬ್ಬರೇ. ಅವರು ಡ್ಯೂಟಿಗೆ ಹೋದ ಸಂಜೆಗಳಲ್ಲಿ ಕೋಣೆಯ ಬಾಗಿಲಿಗೆ ಒರಗಿ ಬೀದಿ ನೋಡುತ್ತ ಕೂರುತ್ತಿದ್ದೆ.

ಆ ವರ್ಷ ನನ್ನ ತಲೆಯಲ್ಲಿ ಒಂದೇ ಚಿಂತೆ. ರಾಯಚೂರಿನಲ್ಲಿ ನನ್ನ ಜೊತೆ ಶಿಕ್ಷಕರ ತರಬೇತಿ ಮುಗಿಸಿದ ಒಬ್ಬರು ದೇವದುರ್ಗದಲ್ಲಿ ಮಾಸ್ತರರಾಗಿದ್ದರು. ನಾವಿಬ್ಬರೂ ಮದುವೆಯಾಗಬೇಕೆಂದುಕೊಂಡಿದ್ದೆವು. ಅವರ ಮನೆಯವರದು ಒಂದೇ ಮಾತು: ಸೊಸೆ ದೇವದುರ್ಗದಲ್ಲೇ ಇರಬೇಕು, ತವರಿನ ಭಾರವನ್ನು ಅಲ್ಲೇ ಇಳಿಸಿ ಬರಬೇಕು. ಬೇಸಿಗೆಯೊಳಗೆ ಉತ್ತರ ಹೇಳಬೇಕಿತ್ತು. ಇದನ್ನು ಅಕ್ಕನಿಗೆ ಮಾತ್ರ ಹೇಳಿದ್ದೆ.

ರಾಯಚೂರಿನ ಒಂದು ಟಾಕೀಸಿನಲ್ಲಿ ಆಗಾಗ ಭಾನುವಾರ ಬೆಳಿಗ್ಗೆ ರೈಲ್ವೆ ನೌಕರಿಯ ತಮಿಳರಿಗೆಂದು ತಮಿಳು ಸಿನಿಮಾ ಹಾಕುತ್ತಿದ್ದರು. ಒಂದು ಸಲ ಅಕ್ಕ ತಾವು ಹುಡುಗಿಯಾಗಿದ್ದಾಗ ನೋಡಿದ್ದ ಹಳೆಯ ಸಿನಿಮಾ ಬಂದಿದೆಯೆಂದು ತಿಳಿದು ನನ್ನನ್ನೂ ಹೊರಡಿಸಿದರು.

"ತಮಿಳ್ ಸಿನಿಮಾ ನಿನಗೇನ್ ತಿಳೀತದ ಬೇಟಿ?" ಎಂದರು ಖಾಲಾ.

"ನಾ ಹೇಳ್ತೀನ್ ಬಿಡ್ರಿ," ಎಂದರು ಅಕ್ಕ. ಬಸ್ಸು ಕಲ್ಲೂರು ದಾಟುವವರೆಗೂ ಅವರ ಮಾತು ನಿಲ್ಲಲಿಲ್ಲ. ಅಷ್ಟು ಸಡಗರದಲ್ಲಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಸಿನಿಮಾದಲ್ಲಿ ಸಮುದ್ರದ ದಂಡೆಯ ಒಂದು ದೀಪಸ್ತಂಭ, ಅದರ ದೀಪ ಹಚ್ಚುವ ಒಬ್ಬ ತರುಣ. ಅವನು ಪ್ರೀತಿಸಿದ ಹುಡುಗಿಯ ಮನೆಯವರು ಊರು ಬಿಟ್ಟು ಹಡಗಿನಲ್ಲಿ ದೂರದ ದೇಶಕ್ಕೆ ಹೊರಟಿದ್ದಾರೆ. ನೀನೂ ಬಾ ಎಂದು ಆಕೆ ಅಳುತ್ತಾಳೆ. ಗಾಳಿಮಳೆ ಏಳುತ್ತದೆ. ಅವನು ಹೋದರೆ ದೀಪ ಹಚ್ಚುವವರಿಲ್ಲ, ದೀಪವಿಲ್ಲದಿದ್ದರೆ ಆಕೆಯ ಹಡಗೇ ಬಂಡೆಗೆ ಬಡಿಯುತ್ತದೆ. ಅಕ್ಕ ನನ್ನ ಕಿವಿಯಲ್ಲಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವನು ಮೆಟ್ಟಿಲು ಹತ್ತತೊಡಗಿದಾಗ ಅವರ ದನಿ ನಿಂತುಹೋಯಿತು. ತಿರುಗಿ ನೋಡಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಉಳಿದದ್ದನ್ನು ನಾನು ಅರ್ಥವಾಗದೆಯೇ ನೋಡಿದೆ.

ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಕೂತೆವು. ಅಕ್ಕ ತಾವಾಗಿಯೇ ಹೇಳಿದರು.

"ನಾ ಇಲ್ಲಿಗೆ ಬಂದ ಹೊಸದ್ರಾಗ ಹೊಳಿ ದಂಡಿ ಹಳ್ಳ್ಯಾಗ ಕಾಲರಾ ಬಿದ್ದಿತ್ತು. ನಾ ಅಲ್ಲೇ ಇದ್ದೆ. ಆವಾಗ ನಮ್ಮ ಮಾವನ ಮಗ ನನ್ನ ಲಗ್ನ ಆಗಿ ಕರಕೊಂಡು ಹೋಗಾಕಂತ ಮಾನ್ವಿಗೆ ಬಂದ. ಬರಂಗಿಲ್ಲ, ಮಂದಿ ಸಾಯಾಕತ್ತಾರ ಅಂತ ಹೇಳಿ ಕಳಿಸಿದೆ. ಅವ ಕಾದು ಕಾದು ಹೋಗಿಬಿಟ್ಟ. ಮುಂದಿನ ವರ್ಷ ಅವನ ಲಗ್ನ ಆತು."

"ಛಲೋ ಮಾಡಿದ್ರಿ ಅಕ್ಕಾ," ಎಂದೆ.

"ಛಲೋನೋ ಕೆಟ್ಟೋ, ನನಗಿನ್ನೂ ಗೊತ್ತಿಲ್ಲ ತಂಗಿ. ಸಿನಿಮಾದಾಗ ಅವ ದೀಪ ಹಚ್ಚಾಕ ಹೋದ್ರ ವಾದ್ಯ ಬಾರಸ್ತಾರ. ನಮಗ್ಯಾರೂ ಬಾರಸಂಗಿಲ್ಲ. ಸುಮ್ಮನ ಮನಿಗೆ ಬಂದು ನಮ್ಮೊಬ್ಬರ ಸಲುವಾಗಿ ಅನ್ನಕ್ಕಿಡಬೇಕು. ನೀ ಆ ಸಿನಿಮಾ ನೋಡಿ ಏನೂ ನಿರ್ಧಾರ ಮಾಡಬ್ಯಾಡ. ದೇವದುರ್ಗಕ್ಕ ಹೋಗಿ ಅವರ ಮಾರಿ ನೋಡಿ ಕೇಳು."

ಮುಂದಿನ ವಾರ ಶಾಲೆಗೆ ರಜೆ ಹಾಕಿ ದೇವದುರ್ಗಕ್ಕೆ ಹೋದೆ. ಹೆಣ್ಣುಮಗಳು ಹಾಗೆ ಒಬ್ಬಳೇ ಹೋಗಿ ಕೇಳುವುದು ಆಗಿನ ರೀತಿಯಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಮಾಸ್ತರರೂ ನಾನೂ ನಿಂತು ಮಾತಾಡಿದೆವು.

"ನೀವು ರಾಯಚೂರಿಗೆ ವರ್ಗ ಮಾಡಿಸಿಕೊಳ್ರಿ. ನಾನೂ ಅಲ್ಲಿಗೇ ಬರ್ತೀನಿ. ಅಪ್ಪನ್ನ ಕೈಬಿಟ್ಟು ಮಾತ್ರ ಬರಾಕ ಆಗಂಗಿಲ್ಲ," ಎಂದೆ.

"ಮನ್ಯಾಗ ಒಪ್ಪಂಗಿಲ್ಲ."

"ನೀವೇನಂತೀರಿ?"

"ನನ್ನ ಬಿಟ್ರ ನಮ್ಮವ್ವ-ಅಪ್ಪಗೂ ಯಾರಿಲ್ಲ," ಎಂದರು.

ಆ ಮಾತಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾನ್ವಿಯ ಬಸ್ಸು ಬಂದಾಗ ಗದ್ದಲವಿತ್ತು. ಅವರು ಓಡಿಹೋಗಿ ಕಿಟಕಿಯಿಂದ ಕರವಸ್ತ್ರ ಹಾಕಿ ನನಗೆ ಸೀಟು ಹಿಡಿದರು. ನಾನು ಕೂತ ಮೇಲೆ ಅದನ್ನು ಮಡಚಿ ಕಿಟಕಿಯಿಂದಲೇ ಕೊಟ್ಟೆ. ತೆಗೆದುಕೊಂಡು, "ಹುಷಾರಾಗಿ ಹೋಗ್ರಿ," ಎಂದರು. ಬಸ್ಸು ಊರು ದಾಟಿದ ಮೇಲೆ ಅಳು ಬಂತು. ಪಕ್ಕದಲ್ಲಿದ್ದ ಮುದುಕಿ ತನ್ನ ಗಂಟನ್ನು ಆಚೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.

ಮಳೆಗಾಲದ ಮೊದಲೇ ಅವರ ಮದುವೆ ಬೇರೆ ಕಡೆ ಆಯಿತು. ಅಪ್ಪ ಮುಂದೆ ಬಹಳ ವರ್ಷ ಬದುಕಿದರು. ತಂಗಿಯರ ಓದು ಮುಗಿಯಿತು, ಮದುವೆಗಳಾದವು. ಅದರಲ್ಲಿ ನನಗೆ ಸಂತೋಷವಿತ್ತು, ಸುಳ್ಳು ಹೇಳಲಾರೆ. ಆದರೆ ಮದುವೆಮನೆಯಿಂದ ಮಾನ್ವಿಗೆ ಮರಳಿ ಕೋಣೆಯ ಬೀಗ ತೆಗೆದು ಒಬ್ಬಳಿಗೇ ಅನ್ನಕ್ಕಿಡಬೇಕಿತ್ತು.

ಎಂಬತ್ತರ ದಶಕದಲ್ಲಿ ಅಕ್ಕ ನಿವೃತ್ತರಾಗಿ ತಮ್ಮನ ಊರಿಗೆ ಹೊರಟರು. ರಾಯಚೂರು ಸ್ಟೇಷನ್ನಿನವರೆಗೆ ಹೋಗಿ ಮದ್ರಾಸಿನ ರೈಲು ಹತ್ತಿಸಿದೆ. "ಅಲ್ಲಿ ಈಗ ತಮ್ಮನ್ನ ಬಿಟ್ರ ನನಗ್ಯಾರೂ ಗುರ್ತಿಲ್ಲ. ಹ್ವಾದಮ್ಯಾಲೆ ಯಾರ ಜೋಡಿ ಕನ್ನಡ ಮಾತಾಡ್ಲಿ?" ಎಂದು ನಗಲು ನೋಡಿದರು. ನಗು ಬರಲಿಲ್ಲ.

ಅವರು ಹೋದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಟೀವಿಯಲ್ಲಿ ಯಾವುದೋ ತಮಿಳು ಸಿನಿಮಾ ಬಂತು. ತಿಳಿಯುವುದಿಲ್ಲವೆಂದು ಮಕ್ಕಳೆಲ್ಲ ಎದ್ದು ಆಡಲು ಹೋದರು. ನಾನೊಬ್ಬಳೇ ಕೊನೆಯವರೆಗೆ ಕೂತು ನೋಡಿದೆ. ಅಲ್ಲೊಂದು ಇಲ್ಲೊಂದು ಮಾತು ಅರ್ಥವಾಯಿತು. ಆಮೇಲೆ ಮನೆಗೆ ಬಂದು ಸೋಮವಾರ ಶಾಲೆಗೆ ಉಡಲೆಂದು ಸೀರೆ ಒಗೆದು ಹಾಕಿದೆ.