ಉಪ್ಪಿಗೂ ಜೀನತನ

ಆಡುಮಾತಿನ ಪದಗಳನ್ನು ಕೂಡಿಸುತ್ತ ಊರೂರು ತಿರುಗುವುದು ನನ್ನ ಕೆಲಸ. ಮಾನ್ವಿಯ ಒಂದು ಮನೆಯಲ್ಲಿ ಊಟಕ್ಕೆ ಕುಳಿತಾಗ, ಅತಿಯಾಗಿ ಕೈ ಬಿಗಿಹಿಡಿಯುವವರಿಗೆ ಏನಂತೀರಿ ಎಂದು ಆ ಮನೆಯ ಅಜ್ಜಿಯನ್ನು ಕೇಳಿದೆ.

"ಜೀನ ಅಂತೀವಿ. ನಮ್ಮ ಸೊಸಿ ಅದಾಳಲ್ಲ, ಬ್ಯಾಳಿಗೆ ಉಪ್ಪು ಹಾಕಾಕೂ ಜೀನತನ ಮಾಡ್ತಾಳ. ಬರ್ಕೊ!"

ರೊಟ್ಟಿ ಬಡಿಸುತ್ತಿದ್ದ ಸೊಸೆ ಸಿಟ್ಟಾಗಲಿಲ್ಲ. "ಅತ್ತಿ ಕಿಡ್ನಿ ಕೆಟ್ಟಾವ್ರೀ ಅಕ್ಕಾರ. ಉಪ್ಪು ತಿಂದ್ರ ಉಳಿಯಂಗಿಲ್ಲ ಅಂದಾರ ಡಾಕ್ಟರು."

"ನನಗಷ್ಟ ಸಪ್ಪಂದು ಮಾಡು. ನೀ ಯಾಕ ಅದನ್ನ ಉಣ್ತಿ ಬೇ?" ಅಜ್ಜಿಯ ದನಿ ಇಳಿದಿತ್ತು.

"ನಿಮ್ಮ ಮುಂದ ಕುಂತು ನಾ ಹೆಂಗ ಉಪ್ಪಿನ ರುಚಿ ನೋಡ್ಲಿ?"

ಅಜ್ಜಿ ರೊಟ್ಟಿ ಮುರಿದಳು. ನಾನು ಜೀನ ಎಂಬುದರ ಅರ್ಥ ಬರೆದುಕೊಂಡೆ. ಉದಾಹರಣೆಯಾಗಿ ಸೊಸೆಯನ್ನು ಸೇರಿಸಲಿಲ್ಲ. ಪರದೇಶದ ಹೋಟೆಲುಗಳಲ್ಲೂ ಸಪ್ಪೆ ಊಟಕ್ಕೆ ಜಗಳ ತೆಗೆದವಳು ನಾನು. ಆ ಮನೆಯಲ್ಲಿ ಮಾತ್ರ ಉಪ್ಪು ಕೇಳಲು ಬಾಯಿ ಬರಲಿಲ್ಲ.