ರಿಮೋಟ್ ನನ್ನ ಕೈಯಲ್ಲಿತ್ತು

ಪೆಟ್ರೋಲ್ ಗಾಡಿಯ ದೊಡ್ಡ ಗುಣವೆಂದರೆ, ಅದು ಬದುಕಿದೆಯೋ ಸತ್ತಿದೆಯೋ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಕೆಮ್ಮುತ್ತದೆ, ಗೊಣಗುತ್ತದೆ, ನಿಂತಲ್ಲೇ ನಡುಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಈ ಸೌಜನ್ಯವಿಲ್ಲ. ಆಫ್ ಆಗಿದ್ದಾಗ ಎಷ್ಟು ಮೌನವೋ ಆನ್ ಆಗಿದ್ದಾಗಲೂ ಅಷ್ಟೇ ಮೌನ. ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅಂಥ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ನಡೆಯುವಾಗ ಯಾವುದು ಎಚ್ಚರವಾಗಿದೆ, ಯಾವುದು ಮಲಗಿದೆ, ಹೇಳಲಾಗದು. ಈ ಮಾತನ್ನು ಹೋದ ವರ್ಷ ಯಾರಾದರೂ ನನ್ನೆದುರು ಆಡಿದ್ದರೆ ಮೂರು ನಿಮಿಷದಲ್ಲಿ ಖಂಡಿಸಿ ಕೂರಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕೊಡುತ್ತಿದ್ದದ್ದೂ ಅಷ್ಟೇ ಸಮಯ. ನನಗೆ ಸಾಕಾಗಿ ಮಿಗುತ್ತಿತ್ತು.

ಗಾಡಿ ಅಮ್ಮನದು. ಐವತ್ತಾರನೇ ವಯಸ್ಸಿನಲ್ಲಿ ಸ್ಕೂಟರ್ ಕಲಿತವಳು ಅವಳು. ದಾವಣಗೆರೆಯಿಂದ ಇಲ್ಲಿಗೆ ಬಂದು ಮೂವತ್ತು ವರ್ಷವಾದ ಮೇಲೆ, ಯಾರನ್ನೂ ಕಾಯದೆ, ಯಾರನ್ನೂ ಕೇಳದೆ ಮನೆಯಿಂದ ಹೊರಟದ್ದು ಆಗಲೇ. ವಾರಕ್ಕೆರಡು ಮಧ್ಯಾಹ್ನ ವಚನ ಗಾಯನದ ಕ್ಲಾಸು, ಬರುವಾಗ ಒಂದು ಚೀಲ ಸೊಪ್ಪು. ಪೀಣ್ಯದಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಅಗ್ಗಕ್ಕೆ ಸಿಕ್ಕ ಗಾಡಿ ಅದು; ಪಕ್ಕದಲ್ಲಿ ನಡೆಯುವವರೊಂದಿಗೆ ಮಾತಾಡುತ್ತಾ ಹೋಗಬಹುದಾದಷ್ಟು ವೇಗ. ಅದನ್ನು ಸುಧಾರಿಸುವ ಹೊಣೆ ನಾನು ಹೊತ್ತೆ. ನಾಲ್ಕು ವಿಡಿಯೋ ನೋಡಿ, ವೇಗಕ್ಕೆ ಕಟ್ಟುಹಾಕುವ ಬಿಳಿ ವೈರನ್ನು ಕತ್ತರಿಸಿದೆ. ಸವೆದಿದ್ದ ಎಕ್ಸಿಲರೇಟರ್ ಹಿಡಿಯನ್ನು ಕಿತ್ತು ಹೊಸತು ಹಾಕಿದೆ. ಕೀ ಸಿಕ್ಕಿಕೊಳ್ಳುತ್ತಿತ್ತೆಂದು ಕೀಯನ್ನೇ ತೆಗೆದುಹಾಕಿ ರಿಮೋಟ್ ಕೂರಿಸಿದೆ. ಗುಂಡಿ ಒತ್ತಿದರೆ ಗಾಡಿ ಟಿಕ್ ಎಂದು ಕಣ್ಣು ಬಿಡುತ್ತಿತ್ತು. ಅಮ್ಮ ಒಂದು ನಿಂಬೆಹಣ್ಣು ತಂದಿಟ್ಟುಕೊಂಡು ಚಕ್ರದ ಕೆಳಗಿಡೋಣವೆಂದಳು. ನಾನು ಅದನ್ನು ಶರಬತ್ತು ಮಾಡಿದೆ.

ಒಂದು ಮಧ್ಯಾಹ್ನ, ಕ್ಲಾಸಿಗೆಂದು ಕೆಳಗಿಳಿದ ಅಮ್ಮ ಐದೇ ನಿಮಿಷಕ್ಕೆ ವಾಪಸ್ ಬಂದಳು. ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕೂತಳು.

"ಹಿಂದಿನ ಚಕ್ರ ತಿರುಗ್ತಿತ್ತು ಕಣೇ."

"ಯಾವ ಚಕ್ರ?"

"ನಮ್ದೇ. ಡಬಲ್ ಸ್ಟ್ಯಾಂಡ್ ಹಾಕಿತ್ತು. ಹತ್ರ ಯಾರೂ ಇರ್ಲಿಲ್ಲ. ನಿಧಾನಕ್ಕೆ ತಿರುಗ್ತಿತ್ತು, ಯಾರೋ ಮೇಲೆ ಕೂತ್ಕೊಂಡು ಎಲ್ಲಿಗೆ ಹೋಗ್ಲಿ ಅಂತ ಯೋಚ್ನೆ ಮಾಡ್ತಾ ಇದ್ದಂಗೆ. ಆಮೇಲೆ ನಿಂತೋಯ್ತು."

ನಾನು ಲ್ಯಾಪ್‌ಟಾಪ್ ಮುಚ್ಚಿ, ತೋಳು ಮಡಚಿ, ಕೆಲಸ ಶುರುಮಾಡಿದೆ. ಅಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತಿತ್ತೇ? ಮಿಣುಕುತ್ತಿತ್ತು. ಮಿಣುಕುವ ಬೆಳಕಿನಲ್ಲಿ ನಿಂತ ಚಕ್ರವೂ ತಿರುಗಿದಂತೆ ಕಾಣಬಹುದಲ್ಲವೇ? ಕಾಣಬಹುದು. ಕನ್ನಡಕ ಹಾಕಿದ್ದೆಯಾ? ಚೀಲದಲ್ಲಿತ್ತು. ಕೊನೆಗೆ ದೆವ್ವಕ್ಕೇ ಕೈಹಾಕಿದೆ. ದೆವ್ವಕ್ಕೆ ಪಾದ ಹಿಂದುಮುಂದು ಅಂತೀರಿ, ಕಾಲೂರಿ ಬ್ಯಾಲೆನ್ಸ್ ಮಾಡೋದು ಹೇಗೆ? ಗಾಳಿಯಲ್ಲಿ ಹಾರಬಲ್ಲ ಒಂದು ಜೀವ, ಮಾರತ್‌ಹಳ್ಳಿ ಟ್ರಾಫಿಕ್ಕಿಗೆ ಸ್ಕೂಟರ್ ಯಾಕೆ ಹುಡುಕುತ್ತದೆ?

ಅಮ್ಮ ನಕ್ಕಳು. ಅರ್ಧ ನಗು. "ಆಯ್ತು ತಾಯಿ, ನೀನೇ ಗೆದ್ದೆ." ಮತ್ತೆ ಮೆಲ್ಲಗೆ ಸೇರಿಸಿದಳು: "ಆದ್ರೆ ತಿರುಗ್ತಿತ್ತು."

ನಮ್ಮ ತರ್ಕಶಾಸ್ತ್ರದವರು ಪ್ರತ್ಯಕ್ಷವನ್ನು ಮೊದಲಿಟ್ಟು ಊಹೆಯನ್ನು ಆಮೇಲಿಟ್ಟರು. ಕಣ್ಣಿಗೆ ಕಂಡದ್ದು ಹೊಗೆ, ಬುದ್ಧಿ ಊಹಿಸಿದ್ದು ಬೆಂಕಿ. ಎಷ್ಟೋ ಶತಮಾನ ಬೆಟ್ಟದ ಮೇಲಿನ ಅದೇ ಹೊಗೆಯಲ್ಲಿ ಅವರ ಪಾಠ ನಡೆಯಿತು. ಹೊಗೆಯೇ ಬಿಡದ ಗಾಡಿಗಳು ಬರುತ್ತವೆಂದು ಪಾಪ ಅವರಿಗೇನು ಗೊತ್ತು! ಆದರೂ ಅವರಿಗೆ ಗೊತ್ತಿದ್ದ ಒಂದು ಸಂಗತಿ ನನಗೆ ಆ ದಿನ ಹೊಳೆಯಲಿಲ್ಲ. ಅಮ್ಮನ ಬೆಂಕಿಯನ್ನು ನಾನು ಆರಿಸಿದ್ದೆ, ಸರಿ. ಆ ರಭಸದಲ್ಲಿ ಅವಳು ಕಂಡ ಹೊಗೆಯನ್ನೂ ಬಾಚಿ ಕಸದ ಬುಟ್ಟಿಗೆ ಹಾಕಿದ್ದೆ.

ಎರಡು ಕ್ಲಾಸು ತಪ್ಪಿಸಿದಳು. ಮೂರನೆಯದಕ್ಕೆ ನಾನೇ ಒತ್ತಾಯ ಮಾಡಿ ಹೊರಡಿಸಿದೆ. ಹೆದರಿ ಮನೆಯಲ್ಲಿ ಕೂತರೆ ಮತ್ತೆ ಹಳೇ ಮೂವತ್ತು ವರ್ಷವೇ ಅಲ್ಲವಾ ಎಂದು ಚುಚ್ಚಿಯೂ ಬಿಟ್ಟೆ. ಜೊತೆಗೆ ನೆಲಮಾಳಿಗೆಗೂ ಇಳಿದೆ; ಗೆಲುವನ್ನು ಕಣ್ಣಾರೆ ನೋಡುವ ಆಸೆ. ಅಮ್ಮ ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಿಂತಳು. "ಇರು, ಒತ್ತಬೇಡ. ಹೆಲ್ಮೆಟ್ ಹಾಕ್ಕೋತೀನಿ."

ನಾನು ಒತ್ತಲಿಲ್ಲ. ರಿಮೋಟ್ ನನ್ನ ಅಂಗೈಯಲ್ಲಿತ್ತು, ಹೆಬ್ಬೆರಳು ದೂರವಿತ್ತು. ಆ ಬೆರಳನ್ನು ನಾನು ನೋಡಿಕೊಂಡದ್ದು ಈಗಲೂ ನೆನಪಿದೆ.

ಟಿಕ್.

ದೀಪ ಹತ್ತಿತು. ಸ್ಕೂಟರು ಹೊರಟಿತು. ಯಾವ ಸದ್ದೂ ಇಲ್ಲದೆ, ಗುರುತಿನವರು ಕರೆದರೆಂದು ಎದ್ದು ಹೋಗುವವರ ಹಾಗೆ. ಅಮ್ಮ ಬಿಡಲಿಲ್ಲ, ಯಾವುದನ್ನೂ ಕೈಬಿಟ್ಟವಳಲ್ಲ ಅವಳು. ಹಿಡಿತ ಬಿಗಿಯಾದಷ್ಟೂ ಹಿಡಿ ತಿರುಗಿತು, ಹಿಡಿ ತಿರುಗಿದಷ್ಟೂ ಗಾಡಿ ಓಡಿತು, ನಾನು ಕತ್ತರಿಸಿದ ಬಿಳಿ ವೈರಿನ ಎಲ್ಲ ಸ್ವಾತಂತ್ರ್ಯದೊಂದಿಗೆ. "ಬಿಡಮ್ಮಾ! ಬಿಟ್ಬಿಡು!" ಎಂದು ಕೂಗುತ್ತಾ ಓಡಿದೆ. ಗಾಡಿ ಕಂಬಕ್ಕೆ ಬಡಿದು ಮಗುಚಿತು. ಅಮ್ಮ ನೆಲದಲ್ಲಿದ್ದಳು, ಬಲಗೈ ಮಣಿಕಟ್ಟು ಅವಳದಲ್ಲದ ಕೋನದಲ್ಲಿತ್ತು. ಬಿದ್ದುಕೊಂಡಿದ್ದ ಗಾಡಿಯ ಹಿಂದಿನ ಚಕ್ರ ಮಾತ್ರ ಇನ್ನೂ ತಿರುಗುತ್ತಿತ್ತು, ನಿಧಾನಕ್ಕೆ, ಯಾರೋ ಯೋಚನೆ ಮಾಡುತ್ತಿದ್ದಂತೆ. ಅಮ್ಮ ಅದರ ಕಡೆ ಗದ್ದ ಎತ್ತಿ ತೋರಿಸಿದಳು.

ದೊಡ್ಡನೆಕ್ಕುಂದಿಯ ರುಕ್ಮಿಣಮ್ಮ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೆಲಿಫೋನುಗಳಿಗೆ ಬೆಸುಗೆ ಹಾಕಿ ನಿವೃತ್ತರಾದವರು. ಈಗ ಮನೆಯ ಜಗಲಿಯಲ್ಲೇ ಬ್ಯಾಟರಿ ಗಾಡಿ ರಿಪೇರಿ ಮಾಡುತ್ತಾರೆ. ಗೂಡ್ಸ್ ಆಟೋದಲ್ಲಿ ಗಾಡಿ ಹೋಯಿತು. ಪ್ಲಾಸ್ಟರ್ ಹಾಕಿದ ಕೈಯನ್ನು ಸೆರಗಿನಡಿ ಇಟ್ಟುಕೊಂಡು ಅಮ್ಮನೂ ಬಂದಳು. ನಾನು ವಿವರಿಸಲು ಬಾಯಿ ತೆರೆದೆ.

"ನೀವು ಸ್ವಲ್ಪ ಇರಿ ಮೇಡಂ. ಮೊದ್ಲು ನೋಡಿದ್ಯಾರು?"

"ನಾನು," ಅಂದಳು ಅಮ್ಮ, ತಪ್ಪೊಪ್ಪಿಕೊಳ್ಳುವವಳಂತೆ.

"ನೀವು ಹೇಳಿ ಅಕ್ಕ. ಎಷ್ಟೊತ್ತಿಗೆ? ಜೋರಾಗಿ ತಿರುಗ್ತಿತ್ತಾ, ನಿಧಾನಕ್ಕಾ? ಅದಕ್ಕೆ ಮೊದ್ಲು ಏನಾದ್ರೂ ಸದ್ದು ಬಂತಾ?"

"ಬಂತು. ಟಿಕ್ ಅಂತು. ಎರಡು ಸಲಾನೂ."

ಮನೆಯಲ್ಲಿ ಅಷ್ಟೊಂದು ಪ್ರಶ್ನೆ ಕೇಳಿದ್ದೆನಲ್ಲ, ಇದೊಂದನ್ನು ಕೇಳಿರಲಿಲ್ಲ. ನನ್ನವೆಲ್ಲ ಉರುಳಿಸುವ ಪ್ರಶ್ನೆಗಳು.

ರುಕ್ಮಿಣಮ್ಮ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಹಳೇ ರಿಮೋಟುಗಳು. ಒಂದೊಂದಾಗಿ ಒತ್ತುತ್ತಾ ಹೋದರು. ನಾಲ್ಕನೆಯದಕ್ಕೆ, ಜಗಲಿಯ ತುದಿಯಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ನಮ್ಮ ಗಾಡಿ ಟಿಕ್ ಎಂದು ಕಣ್ಣು ಬಿಟ್ಟಿತು. ಚಕ್ರ ತಿರುಗತೊಡಗಿತು. ಹಟ್ಟಹಗಲು, ಮೂವರೂ ಎಚ್ಚರವಿದ್ದೇವೆ, ಕಾರಣ ಕಣ್ಣೆದುರಿಗಿದೆ. ಆದರೂ ನನ್ನ ತೋಳಿನ ರೋಮ ಎದ್ದು ನಿಂತಿತು.

"ಅಗ್ಗದ ರಿಮೋಟು. ಇಂಥವು ಎಷ್ಟಕ್ಕೋ ಒಂದೇ ಸಿಗ್ನಲ್ಲು, ಗೋಡೆಯಾಚೆಯಿಂದ ಯಾರು ಒತ್ತಿದ್ರೂ ನಿಮ್ಮ ಗಾಡಿ ಏಳ್ತದೆ," ಅಂದರು. "ಈ ಹಿಡೀನೂ ಅಷ್ಟೇ. ಬಿಟ್ಮೇಲೆ ಪೂರ್ತಿ ವಾಪಸ್ ಬರಲ್ಲ, ಅದಕ್ಕೇ ಆನ್ ಆದ ತಕ್ಷಣ ಎಳೀತದೆ. ಯಾರು ಹಾಕಿದ್ದು ಇದನ್ನೆಲ್ಲ?"

"ನಾನೇ."

"ಮಾತು ಚೆನ್ನಾಗಿ ಆಡ್ತೀರ. ಸ್ಕ್ರೂಡ್ರೈವರ್ ಇನ್ಮೇಲೆ ನಮ್ಗೆ ಬಿಡಿ."

ಅಮ್ಮ ಅಪಘಾತದ ನಂತರ ಮೊದಲ ಸಲ ಪೂರ್ತಿ ನಕ್ಕಳು. ಹಿಡಿ ಬದಲಾಯಿತು, ಬಿಳಿ ವೈರು ಕೂಡಿಕೊಂಡಿತು, ಕೀ ವಾಪಸ್ ಬಂತು. ಪ್ಲಾಸ್ಟರ್ ಬಿಚ್ಚಿದ ವಾರವೇ ಅವಳು ಕ್ಲಾಸಿಗೆ ಹೋದಳು. ನಿಂಬೆಹಣ್ಣು ಬೇಕಾ ಎಂದು ನಾನೇ ಕೇಳಿದೆ. "ಕೀ ಇದೆಯಲ್ಲ, ಯಾಕೆ?" ಎಂದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಯಾರದೋ ರಿಮೋಟ್ ನಮ್ಮ ಗಾಡಿಯನ್ನು ಎಬ್ಬಿಸಿತು, ಸರಿ. ಅಷ್ಟು ದಿನ ನಾವು ಒತ್ತಿದ್ದು ಯಾವುದನ್ನು ಎಬ್ಬಿಸಿತು?

ಗೋಡೆಯಾಚೆಗಿನ ಅಪಾರ್ಟ್‌ಮೆಂಟಿಗೆ ಹೋಗಿ ಸೆಕ್ಯುರಿಟಿಯವರನ್ನು ಕೇಳಿದೆ. "ಮೂರನೇ ಫ್ಲೋರ್ ಆಂಟಿ ಗಾಡಿ ಇದೆ ಮೇಡಂ, ತಿಂಗಳುಗಟ್ಲೆ ಆಯ್ತು ಮುಟ್ಟೇ ಇಲ್ಲ. ತಾನಾಗೇ ಚಕ್ರ ತಿರುಗ್ತದಂತೆ," ಎಂದು ನಕ್ಕರು. "ಅವ್ರ ಮಗ ಹೇಳ್ದ, ಕನ್ನಡಕದ ನಂಬರ್ ಜಾಸ್ತಿ ಆಗಿದೆ ಅಂತ."

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಹೆಂಗಸಿಗೆ ಅಮ್ಮನದೇ ವಯಸ್ಸು. ನನ್ನ ಹೆಸರು ಹೇಳಲೂ ಮರೆತು ಕೇಳಿದೆ: "ಆಂಟಿ, ಅದಕ್ಕೆ ಮೊದ್ಲು ಟಿಕ್ ಅಂತಾ?"